ಮೂರು ತೆನೆಯ ಕಥೆ: ಜಪಾನಿನ ಸಾಕೆ, ಊರೂರಿನ ಊಟ, ನಮ್ಮ ಮಸೂರಿ

ನಾಟಿ ಮುಗಿದು, ಮೊದಲ ಗೊಬ್ಬರ ಕೊಟ್ಟು, ಕಾಲುವೆ ನೀರಿನ ಸರದಿ ಕಾಯೋ ದಿನಗಳಿವು. ಸಂಜೆ ಹೊತ್ತು ಓದೋಕೆ ಸ್ವಲ್ಪ ಬಿಡುವು ಸಿಗ್ತದೆ. ಈ ಸಲ ಓದಿದ್ದು ಜಪಾನಿನ ನೆಲ್ಲಿನ ಬಗ್ಗೆ, ಅದರಿಂದ ಅವರು ಮಾಡೋ ಸಾಕೆ ಅನ್ನೋ ಮದ್ಯದ ಬಗ್ಗೆ, ಊರೂರಿಗೆ ಬದಲಾಗೋ ಅವರ ಊಟದ ಬಗ್ಗೆ. "ಕುಡಿಯೋ ಸುದ್ದಿ ನಮಗ್ಯಾಕೆ ಮಾರಾಯ" ಅಂತ ಕೆಲವರು ಅನ್ನಬಹುದು. ಇದು ಬೀಜದ ಸುದ್ದಿ. ಕೊನೆಗೆ ನಮ್ಮ ಗದ್ದೆಗೇ ಬಂದು ಮುಟ್ತದೆ. ಉದ್ದ ಇದೆ, ನಿಧಾನಕ್ಕೆ ಓದ್ರಿ.

ಮೊದಲು ಸಾಕೆ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಅಕ್ಕಿಯನ್ನ ಹಬೆಯಲ್ಲಿ ಬೇಯಿಸ್ತಾರೆ. ಅದರಲ್ಲಿ ಒಂದು ಪಾಲಿನ ಮೇಲೆ ಕೋಜಿ ಅನ್ನೋ ಬೂಷ್ಟು ಬೆಳೆಸ್ತಾರೆ. ಈ ಬೂಷ್ಟು ಅಕ್ಕಿಯ ಹಿಟ್ಟಿನಂಶವನ್ನ ಸಕ್ಕರೆ ಮಾಡ್ತದೆ, ಈಸ್ಟ್ ಆ ಸಕ್ಕರೆಯನ್ನ ಮದ್ಯ ಮಾಡ್ತದೆ. ಎರಡೂ ಕೆಲಸ ಒಂದೇ ತೊಟ್ಟಿಯಲ್ಲಿ, ಒಂದೇ ಹೊತ್ತಿಗೆ ನಡೀತವೆ. ಆಮೇಲೆ ಬಟ್ಟೆ ಚೀಲದಲ್ಲಿ ಹಾಕಿ ಹಿಂಡ್ತಾರೆ. ಸರಾಯಿಯ ಹಾಗೆ ಭಟ್ಟಿ ಇಳಿಸೋದಿಲ್ಲ. ಹಿಂಡಿದ ಮೇಲೆ ಉಳಿಯೋ ಗಷ್ಟಿಗೆ ಕಾಸು ಅಂತಾರೆ, ಅದನ್ನೂ ಬಿಸಾಡೋದಿಲ್ಲ. ನಾರಾ ಊರಿನವರು ಸೌತೆಕಾಯಿ ಜಾತಿಯ ಕಾಯಿಗಳನ್ನ ಆ ಗಷ್ಟಿನಲ್ಲಿ ಹೂತಿಟ್ಟು ಉಪ್ಪಿನಕಾಯಿ ಮಾಡ್ತಾರೆ. ಚಳಿಗಾಲದಲ್ಲಿ ಅದನ್ನೇ ಕದಡಿ ತರಕಾರಿ ಸಾರು ಕುದಿಸ್ತಾರೆ. 1804ರಲ್ಲಿ ಹಾಂಡಾ ಅನ್ನೋ ಊರಿನಲ್ಲಿ ನಾಕಾನೊ ಮತಾಜಾಎಮೊನ್ ಅನ್ನೋ ಸಾಕೆ ತಯಾರಕ ಈ ಗಷ್ಟಿನಿಂದಲೇ ಹುಳಿ ವಿನಿಗರ್ ಮಾಡೋಕೆ ಶುರು ಮಾಡಿದ. ಆಗಿನ ಎದೊ, ಅಂದ್ರೆ ಈಗಿನ ಟೋಕಿಯೊದಲ್ಲಿ, ಸುಶಿ ಅಂಗಡಿಯವರು ಅನ್ನಕ್ಕೆ ಕಲಸಿದ್ದು ಇದೇ ವಿನಿಗರ್. ಇವತ್ತು ಪ್ರಪಂಚವೆಲ್ಲ ತಿನ್ನೋ ಸುಶಿಯ ಹಿಂದೆ ಸಾಕೆ ಮನೆಯ ಗಷ್ಟೂ ಇದೆ ನೋಡ್ರಿ.

ಸಾಕೆಗೆ ಎಲ್ಲ ಅಕ್ಕಿಯೂ ಆಗೋದಿಲ್ಲ. ಕಾಳಿನ ಹೊರಪದರದಲ್ಲಿ ಕೊಬ್ಬು, ಪ್ರೋಟೀನು ಜಾಸ್ತಿ. ಅದು ಸಾಕೆಯ ವಾಸನೆ ಕೆಡಿಸ್ತದೆ ಅಂತ ಉಜ್ಜಿ ತೆಗೀತಾರೆ. ನಮ್ಮ ಮಿಲ್ಲಿನಲ್ಲಿ ತೌಡು ಮಾತ್ರ ಹೋಗ್ತದೆ. ಅಲ್ಲಿ ಗಿಂಜೊ ಅನ್ನೋ ದರ್ಜೆಗೆ ಕಾಳಿನ ನೂರಕ್ಕೆ 40 ಭಾಗವಾದರೂ ಪುಡಿಯಾಗಿ ಹೋಗಬೇಕು, ದೈಗಿಂಜೊ ದರ್ಜೆಗೆ ಅರ್ಧ ಹೋಗಬೇಕು. ಹಂಗೆ ಉಜ್ಜಿದರೂ ಒಡೆಯದ ದಪ್ಪ ಕಾಳು ಬೇಕು, ಕಾಳಿನ ನಟ್ಟನಡುವೆ ಬಿಳಿ ತಿರುಳು ಇರಬೇಕು. ಅದಕ್ಕೆ ಶಿಂಪಾಕು ಅಂತ ಹೆಸರು. ನಮ್ಮಲ್ಲಿ ಬಿಳಿ ಹೊಟ್ಟೆಯ ಕಾಳು ಕಂಡರೆ ವ್ಯಾಪಾರಿ ಚೀಲಕ್ಕೆ ಇಷ್ಟು ಅಂತ ಕಡಿತ ಮಾಡ್ತಾನೆ. ಅಲ್ಲಿ ಕಾಳಿನ ಎದೆಯಲ್ಲಿ ಬಿಳುಪಿದ್ದರೆ ಬೆಲೆ ಏರ್ತದೆ.

ನೀರಿನ ಲೆಕ್ಕವೂ ಊರೂರಿಗೆ ಬೇರೆ. ಕೋಬೆ ಪಟ್ಟಣದ ಪಕ್ಕದ ನಾಡಾ ಸೀಮೆ ಸಾಕೆಗೆ ದೊಡ್ಡ ಹೆಸರು. 1840ರ ಸುಮಾರಿಗೆ ಯಾಮಾಮುರಾ ತಜಾಎಮೊನ್ ಅನ್ನೋ ಮನೆತನದವರು ತಮ್ಮ ಎರಡು ಊರಿನ ಸಾಕೆಯಲ್ಲಿ ಒಂದೇ ಯಾಕೆ ಚೆನ್ನಾಗಿ ಬರ್ತದೆ ಅಂತ ಹುಡುಕಿದರು. ಕೊನೆಗೆ ಗೊತ್ತಾಗಿದ್ದು, ಕಾರಣ ನಿಶಿನೊಮಿಯಾದ ಬಾವಿ ನೀರು ಅಂತ. ಅದು ಗಡಸು ನೀರು. ಅದರಲ್ಲಿ ಈಸ್ಟ್ ಜೋರಾಗಿ ಕೆಲಸ ಮಾಡ್ತದೆ. ಹಿರೋಶಿಮಾ ಕಡೆ ಮೆದು ನೀರು, ಅಲ್ಲಿ ಸಾಕೆ ಸರಿಯಾಗಿ ಏಳ್ತಿರಲಿಲ್ಲ. ಮಿಯುರಾ ಸೆಂಜಾಬುರೊ ಅನ್ನೋರು ವರ್ಷಗಟ್ಟಲೆ ಪ್ರಯೋಗ ಮಾಡಿ, ಮೆದು ನೀರಿಗೆ ತಕ್ಕ ಕ್ರಮವನ್ನ 1898ರಲ್ಲಿ ಪುಸ್ತಕ ಮಾಡಿ ಎಲ್ಲರಿಗೂ ಹಂಚಿದರು. ಅದೇ ಹಿರೋಶಿಮಾದ ಸೈಜೊ ಊರಿನಲ್ಲಿ 1896ರಲ್ಲಿ ಸಾತಾಕೆ ರಿಇಚಿ ಅನ್ನೋರು ಜಪಾನಿನ ಮೊದಲ ಯಂತ್ರಶಕ್ತಿಯ ಅಕ್ಕಿ ಮಿಲ್ಲು ಕಟ್ಟಿದರು. ಸಾತಾಕೆ ಅನ್ನೋ ಹೆಸರು ನಮ್ಮ ದೇಶದ ಮಿಲ್ಲಿನವರಿಗೂ ಗೊತ್ತು.

ಈಗ ಬೀಜಕ್ಕೆ ಬರೋಣ. ಹಳೇ ಹೆಸರಾಂತ ಮೂರು ತಳಿಗಳ ಕಥೆ ಹೇಳ್ತೀನಿ. ಮೂರನ್ನೂ ಕಂಡವರು ರೈತರು. ಮೂರೂ ಸಿಕ್ಕಿದ್ದು ಗದ್ದೆ ಬದಿಯಲ್ಲಿ ನಿಂತು ತೆನೆ ನೋಡಿದ್ದರಿಂದ.

ಮೊದಲನೆಯದು ಒಮಾಚಿ. 1859ರಲ್ಲಿ, ಈಗಿನ ಒಕಾಯಾಮಾ ಪ್ರಾಂತದ ಒಮಾಚಿ ಹಳ್ಳಿಯ ರೈತ ಕಿಶಿಮೊತೊ ಜಿಂಜೊ, ದೈಸೆನ್ ಬೆಟ್ಟಕ್ಕೆ ಯಾತ್ರೆ ಹೋಗಿ ಬರುವಾಗ ಯಾರದೋ ಗದ್ದೆಯಲ್ಲಿ ಎರಡು ತೆನೆ ಬೇರೆ ಥರ ಇದ್ದದ್ದು ಕಂಡ. ಊರಿಗೆ ತಂದು ಬಿತ್ತಿದ, ವರ್ಷಗಟ್ಟಲೆ ಆರಿಸಿದ. ಎರಡು ತೆನೆಯಿಂದ ಬಂದಿದ್ದಕ್ಕೆ ಮೊದಲು ಅದಕ್ಕೆ "ಎರಡು ಹುಲ್ಲು" ಅನ್ನೋ ಅರ್ಥದ ಹೆಸರಿಟ್ಟಿದ್ದ. ಅಕ್ಕಪಕ್ಕದವರು ಬೀಜ ತಗೊಂಡು ಹೋದ ಹಾಗೆ ಊರಿನ ಹೆಸರೇ ಅದಕ್ಕೆ ನಿಂತಿತು. ಎತ್ತರದ ಪೈರು, ತಡವಾಗಿ ಬರೋದು, ದಪ್ಪ ಕಾಳು, ದೊಡ್ಡ ಬಿಳಿ ತಿರುಳು. ಗಾಳಿಗೆ ನೆಲಕಚ್ಚೋದೂ ಅಷ್ಟೇ ಬೇಗ. ಒಕಾಯಾಮಾದ ಊಟದಲ್ಲೂ ಅಕ್ಕಿಯದೇ ಮೆರವಣಿಗೆ. ಅಲ್ಲಿ ಹಬ್ಬದ ದಿನ ಹುಳಿ ಅನ್ನದ ಮೇಲೆ ಮೀನು, ಸಿಗಡಿ, ತರಕಾರಿ ಹರಡಿದ ಸುಶಿ ಮಾಡ್ತಾರೆ. ಹಿಂದೆ ಅಲ್ಲಿನ ಪಾಳೇಗಾರ ಇಕೆದಾ ಮಿತ್ಸುಮಾಸಾ, ಊಟಕ್ಕೆ ಒಂದು ಸಾರು ಒಂದು ಪಲ್ಯ ಮಾತ್ರ ಅಂತ ಅಪ್ಪಣೆ ಮಾಡಿದ್ದನಂತೆ. ಜನ ಎಲ್ಲವನ್ನೂ ಅನ್ನದ ಜೊತೆಗೇ ಸೇರಿಸಿ "ಇದು ಒಂದೇ ಪದಾರ್ಥ" ಅಂದರಂತೆ. ಐತಿಹ್ಯ ಇರಬಹುದು, ಆದರೆ ಊರಿನವರು ಇವತ್ತಿಗೂ ಹೇಳ್ಕೊಂಡು ನಗ್ತಾರೆ.

ಎರಡನೆಯದು ಶಿನ್‌ರಿಕಿ. ಹೆಸರಿನ ಅರ್ಥ ದೈವಶಕ್ತಿ. 1877ರಲ್ಲಿ ಹ್ಯೋಗೊ ಪ್ರಾಂತದ ರೈತ ಮಾರುಒ ಜುಜಿರೊ, ಮೀಸೆ ಇರೋ ನೆಲ್ಲಿನ ನಡುವೆ ಮೀಸೆ ಇಲ್ಲದ ಮೂರು ತೆನೆ ಕಂಡ. ಅದನ್ನ ಬೇರೆ ಇಟ್ಟು ಬಿತ್ತಿದ. ಗಿಡ್ಡ ಪೈರು, ತೆಂಡೆ ಜಾಸ್ತಿ, ಗೊಬ್ಬರ ಹಾಕಿದಷ್ಟೂ ಇಳುವರಿ. ಆ ಕಾಲಕ್ಕೆ ಮೀನಿನ ಗೊಬ್ಬರ, ಸೋಯಾ ಹಿಂಡಿ ಪೇಟೆಗೆ ಬರ್ತಿತ್ತು, ಅದಕ್ಕೆ ತಕ್ಕ ತಳಿ ಇದು. ಪಶ್ಚಿಮ ಜಪಾನ್ ಪೂರ್ತಿ ಹಬ್ಬಿತು. ಊಟಕ್ಕೂ ಆಯ್ತು, ಸಾಕೆಗೂ ಆಯ್ತು. ಆ ರೈತನ ಹಳ್ಳಿ ಇರೋದು ಈಗಿನ ತಾತ್ಸುನೊ ಊರಿನಲ್ಲಿ. ಆ ಸೀಮೆ ತಿಳಿ ಬಣ್ಣದ ಸೋಯಾ ಸಾಸ್‌ಗೂ, ಸೋಮೆನ್ ಅನ್ನೋ ಸಣ್ಣ ಶಾವಿಗೆಗೂ ಹೆಸರುವಾಸಿ. ನಮ್ಮ ಹೆಣ್ಮಕ್ಕಳು ಬೇಸಿಗೆ ಬಿಸಿಲಲ್ಲಿ ಶಾವಿಗೆ ಹೊಸೆದ ಹಾಗೆ, ಅಲ್ಲಿ ಸುಗ್ಗಿ ಮುಗಿದ ಮೇಲೆ ಚಳಿಗಾಲದಲ್ಲಿ ರೈತರ ಮನೆಗಳಲ್ಲಿ ಎಳೆ ಎಳೆದು ಒಣಗಿಸ್ತಿದ್ರು.

ಮೂರನೆಯದು ಕಾಮೆನೊಒ. 1893. ಉತ್ತರದ ಯಾಮಾಗಾತಾ ಪ್ರಾಂತದ ಶೊನಾಯ್ ಬಯಲಿನಲ್ಲಿ ಆ ವರ್ಷ ಬೇಸಿಗೆಯಲ್ಲೂ ಚಳಿ. ನೆಲ್ಲು ಜೊಳ್ಳಾಯ್ತು. ಅಬೆ ಕಾಮೆಜಿ ಅನ್ನೋ ಸಣ್ಣ ರೈತ, ವಯಸ್ಸು ಇಪ್ಪತ್ತೈದು, ದೇವಸ್ಥಾನಕ್ಕೆ ಹೋದಾಗ ಅಲ್ಲಿನ ಗದ್ದೆಯಲ್ಲಿ ಎಲ್ಲ ಕೆಟ್ಟ ಪೈರಿನ ನಡುವೆ ಮೂರು ತೆನೆ ಮಾತ್ರ ಕಾಳು ಕಟ್ಟಿ ನಿಂತಿದ್ದು ಕಂಡ. ಕೇಳಿ ತಂದ. ಹಲವು ವರ್ಷ ಬಿತ್ತಿ, ಆರಿಸಿ, ನಿಲ್ಲಿಸಿದ. ಗೆಳೆಯರು "ಕಾಮೆಯ ರಾಜ" ಅಂತ ಹೆಸರಿಡು ಅಂದರಂತೆ. ಅಷ್ಟು ದೊಡ್ಡ ಮಾತು ಬೇಡ ಅಂತ "ಕಾಮೆಯ ಬಾಲ" ಅಂತ ಇಟ್ಟ ಅಂತ ಕಥೆ. ಕಾಮೆ ಅಂದ್ರೆ ಅವರ ಭಾಷೆಯಲ್ಲಿ ಆಮೆ, ಅವನ ಹೆಸರಿನ ಅರ್ಧವೂ ಹೌದು. ಕೇಳಿದವರಿಗೆಲ್ಲ ಬೀಜ ಬಿಟ್ಟಿ ಕೊಟ್ಟ. ಇವತ್ತು ಜಪಾನಿನಲ್ಲಿ ಅತಿ ಹೆಚ್ಚು ಬೆಳೆಯೋ ಊಟದ ತಳಿ ಕೋಶಿಹಿಕಾರಿ. ಅದರ ವಂಶಾವಳಿ ಬಿಡಿಸಿದರೆ ಈ ಮೂರು ತೆನೆ ಸಿಗ್ತವೆ. ಆ ಶೊನಾಯ್ ಕಡೆ ಶರತ್ಕಾಲದಲ್ಲಿ ಜನ ಹೊಳೆ ದಂಡೆಗೆ ದೊಡ್ಡ ಪಾತ್ರೆ ಹೊತ್ತು ಹೋಗಿ ಕೆಸುವಿನ ಗಡ್ಡೆಯ ಸಾರು ಮಾಡ್ತಾರೆ. ಶೊನಾಯ್‌ನವರು ಹಂದಿಮಾಂಸ, ಮಿಸೊ ಹಾಕ್ತಾರೆ. ಅದೇ ಪ್ರಾಂತದ ಒಳನಾಡಿನವರು ದನದ ಮಾಂಸ, ಸೋಯಾ ಸಾಸ್ ಹಾಕ್ತಾರೆ. ಯಾರದ್ದು ಸರಿ ಅನ್ನೋ ಜಗಳ ಪ್ರತಿ ವರ್ಷ ನಡೀತದೆ.

ಬೆಳೆದವರು ರೈತರು ಸರಿ, ಸಾಕೆ ಮಾಡಿದವರು ಯಾರು? ಅವರೂ ರೈತರೇ. ಸಾಕೆ ಮಾಡೋದು ಚಳಿಗಾಲದಲ್ಲಿ. ಹಿಮ ಬೀಳೋ ಸೀಮೆಯ ರೈತರಿಗೆ ಆಗ ಹೊಲದಲ್ಲಿ ಕೆಲಸ ಇಲ್ಲ. ಇವಾತೆ ಕಡೆಯ ನಾಂಬು, ನೀಗಾತಾ ಕಡೆಯ ಎಚಿಗೊ, ಹ್ಯೋಗೊದ ಬೆಟ್ಟದ ಸೀಮೆಯ ತಾಂಬಾ, ಈ ಮೂರು ಕಡೆಯವರು ಸುಗ್ಗಿ ಮುಗಿಸಿ ಗುಂಪು ಕಟ್ಟಿಕೊಂಡು ಸಾಕೆ ಮನೆಗಳಿಗೆ ಗುಳೆ ಹೋಗ್ತಿದ್ರು. ಹೆಂಡ್ತಿ ಮಕ್ಕಳನ್ನ ಊರಲ್ಲೇ ಬಿಟ್ಟು, ನಡುರಾತ್ರಿ ಎದ್ದು ಅನ್ನ ಬೇಯಿಸಿ, ಬೂಷ್ಟು ಕಾಯ್ದು, ವಸಂತಕ್ಕೆ ವಾಪಸ್ ಬಂದು ಸಸಿಮಡಿ ಮಾಡ್ತಿದ್ರು. ಗುಂಪಿನ ಯಜಮಾನನಿಗೆ ತೋಜಿ ಅಂತ ಹೆಸರು. ಗುಳೆ ಅಂದ್ರೆ ಏನು ಅಂತ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳಿ ಮನೆಗಳಲ್ಲಿ ಸ್ವಂತಕ್ಕೆ ದೊಬುರೊಕು ಅನ್ನೋ ಸೋಸದ ಮದ್ಯ ಮಾಡ್ಕೊಳ್ತಿದ್ರು. 1899ರಲ್ಲಿ ಸರ್ಕಾರ ಅದನ್ನ ಪೂರ್ತಿ ನಿಲ್ಲಿಸಿತು. ಚೀನಾ ಜೊತೆ ಯುದ್ಧ ಮುಗಿದು, ಸೈನ್ಯಕ್ಕೆ ದುಡ್ಡು ಬೇಕಾಗಿತ್ತು. ಮದ್ಯದ ತೆರಿಗೆ ಆಗ ಸರ್ಕಾರದ ಅತಿ ದೊಡ್ಡ ಆದಾಯಗಳಲ್ಲಿ ಒಂದು. ಮನೆಯಲ್ಲಿ ಮಾಡ್ಕೊಂಡರೆ ತೆರಿಗೆ ಎಲ್ಲಿಂದ ಬರ್ಬೇಕು? ಈ ಕಾನೂನನ್ನ ಮಾಯೆದಾ ತೋಶಿಹಿಕೊ ಅನ್ನೋ ಹಿರಿಯರು 1980ರ ದಶಕದಲ್ಲಿ ಬೇಕಂತಲೇ ಮುರಿದರು. ಹಿಂದೆ ಹಳ್ಳಿಯೊಂದರ ಮುಖ್ಯಸ್ಥರಾಗಿದ್ದವರು. ನಾನು ಬೆಳೆದ ಅಕ್ಕಿ, ನನ್ನ ಮನೆಯ ಮದ್ಯ, ಇದರಲ್ಲಿ ತಪ್ಪೇನು ಅನ್ನೋದು ಅವರ ವಾದ. 1989ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಆದರೆ 2003ರ ಹೊತ್ತಿಗೆ ಸರ್ಕಾರವೇ ಸ್ವಲ್ಪ ಬಾಗಿಲು ತೆರೆಯಿತು. ಕೆಲವು ವಿಶೇಷ ವಲಯಗಳಲ್ಲಿ, ಅತಿಥಿಗಳಿಗೆ ಊಟ ವಸತಿ ಕೊಡೋ ರೈತರು ತಮ್ಮದೇ ಅಕ್ಕಿಯಿಂದ ದೊಬುರೊಕು ಮಾಡಿ ಮಾರಬಹುದು ಅಂತ ಆಯ್ತು. ಇವಾತೆಯ ತೋನೊ ಊರು ಇದರಲ್ಲಿ ಮುಂದೆ.

ರೈತರಾಗಿ ನಾವು ಗಮನ ಇಟ್ಟು ನೋಡಬೇಕಾದ್ದು ಇನ್ನೊಂದು ಇದೆ. ನಾಡಾದ ಸಾಕೆ ಮನೆಗಳಿಗೂ, ಬೆಟ್ಟದಾಚೆಯ ಹಳ್ಳಿಗಳಿಗೂ 1890ರ ದಶಕದ ಹೊತ್ತಿಗೆ ಒಂದು ಕಟ್ಟುಪಾಡು ಬೆಳೆಯಿತು. ಅದಕ್ಕೆ ಮುರಾಮಾಯ್ ಅಂತಾರೆ, ಅಂದ್ರೆ "ಊರಿನ ಅಕ್ಕಿ". ಒಂದು ಸಾಕೆ ಮನೆ ಒಂದು ಹಳ್ಳಿಯನ್ನ ಹಿಡ್ಕೊಳ್ತದೆ. ಆ ಹಳ್ಳಿ ಒಳ್ಳೆ ನೆಲ್ಲು ಬೆಳೆದು ಅವರಿಗೇ ಕೊಡ್ತದೆ, ಅವರು ವರ್ಷ ವರ್ಷ ಅಲ್ಲಿಂದಲೇ ಕೊಳ್ತಾರೆ, ಪೇಟೆ ಧಾರಣೆಗಿಂತ ಮೇಲೆ ಕೊಡ್ತಾರೆ. ಮುಂದೆ ಹ್ಯೋಗೊದ ಕೃಷಿ ಕೇಂದ್ರ 1923ರಲ್ಲಿ ತಳಿಸಂಕರ ಮಾಡಿ, 1936ರಲ್ಲಿ ಯಾಮಾದಾ ನಿಶಿಕಿ ಅನ್ನೋ ತಳಿಗೆ ಹೆಸರಿಟ್ಟಿತು. ಸಾಕೆ ಅಕ್ಕಿಯಲ್ಲಿ ಇವತ್ತಿಗೂ ಅದೇ ರಾಜ. ಅದು ನೆಲೆ ನಿಂತಿದ್ದು ಈ ಕಟ್ಟುಪಾಡಿನ ಹಳ್ಳಿಗಳಲ್ಲೇ. ಅದೂ ಎತ್ತರ, ಅದೂ ಬೀಳ್ತದೆ, ಇಳುವರಿಯೂ ಕಮ್ಮಿ. ಕೊಳ್ಳೋನು ಗಟ್ಟಿ ಇದ್ದದ್ದಕ್ಕೆ ಬೆಳೆಯೋನು ಬಿಡಲಿಲ್ಲ.

ಆ ಗಟ್ಟಿತನ ಎಲ್ಲ ತಳಿಗೂ ಸಿಗಲಿಲ್ಲ. ಯುದ್ಧ ಬಂತು. 1942ರಲ್ಲಿ ಆಹಾರ ನಿಯಂತ್ರಣ ಕಾನೂನು ಬಂದು ನೆಲ್ಲೆಲ್ಲ ಸರ್ಕಾರದ ಕೈಗೆ ಹೋಯ್ತು. ಯುದ್ಧ ಮುಗಿದ ಮೇಲೆ ಹಸಿವು. ಅಕ್ಕಿ ಇಲ್ಲದ್ದಕ್ಕೆ 1949ರಿಂದ ಸಾಕೆಗೆ ಹೊರಗಿನ ಮದ್ಯಸಾರ, ಸಕ್ಕರೆ, ಹುಳಿ ಬೆರೆಸಿ ಮೂರು ಪಟ್ಟು ಮಾಡೋ ಪದ್ಧತಿ ಬಂತು. ಅಕ್ಕಿ ಸಾಕಷ್ಟು ಬಂದ ಮೇಲೂ ಅದು ಬಹಳ ವರ್ಷ ನಿಲ್ಲಲಿಲ್ಲ, ಲಾಭ ಇತ್ತಲ್ಲ. ಹಂಗೆ ಬೆರೆಸೋದಾದರೆ ಯಾವ ತಳಿ ಅನ್ನೋದು ಯಾರಿಗೆ ಬೇಕು? ಗದ್ದೆಗೆ ಯಂತ್ರ ಬಂತು, ಎತ್ತರದ ಪೈರು ಯಂತ್ರಕ್ಕೆ ಆಗೋದಿಲ್ಲ. ತೂಕಕ್ಕೆ ದುಡ್ಡು, ಹಂಗಾಗಿ ಇಳುವರಿ ತಳಿಗಳು ಎಲ್ಲ ಕಡೆ ಹರಡಿದವು. 1970ರ ದಶಕದಲ್ಲಿ ಒಮಾಚಿ ಹತ್ತು ಹೆಕ್ಟೇರಿಗಿಂತ ಕೆಳಗೆ ಇಳಿಯಿತು. ಶಿನ್‌ರಿಕಿ, ಕಾಮೆನೊಒ ಗದ್ದೆಗಳಿಂದ ಹೋಗಿ ಕೃಷಿ ಕೇಂದ್ರಗಳ ಬೀಜದ ಡಬ್ಬಿಯಲ್ಲಿ ಉಳಿದವು.

ಇಷ್ಟರಲ್ಲಿ ಊಟದ ರೀತಿಯೂ ಬದಲಾಯ್ತು. 1962ರಲ್ಲಿ ಜಪಾನಿನ ಒಬ್ಬ ಮನುಷ್ಯ ವರ್ಷಕ್ಕೆ 118 ಕಿಲೋ ಅಕ್ಕಿ ತಿಂತಿದ್ದ. ಈಗ ಅದರ ಅರ್ಧಕ್ಕೆ ಬಂದು ನಿಂತಿದೆ. ಗೋದಾಮು ತುಂಬಿ, 1970ರ ಹೊತ್ತಿಗೆ ಸರ್ಕಾರವೇ "ನೆಲ್ಲು ಬೆಳೀಬೇಡ್ರಿ" ಅಂತ ರೈತರಿಗೆ ದುಡ್ಡು ಕೊಟ್ಟು ಗದ್ದೆ ಬಿಡಿಸೋಕೆ ಶುರು ಮಾಡಿತು. ಎಕರೆಗೆ ಇಷ್ಟು ಚೀಲ ಅಂತ ಓಡಿದ ರೈತ ಕೊನೆಗೆ ಬೆಳೀಬೇಡ ಅನ್ನಿಸ್ಕೊಂಡ. ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಹಳೇ ತಳಿಗಳು ವಾಪಸ್ ಬಂದಿದ್ದು ಆ ಹೊತ್ತಿನಲ್ಲೇ. ಒಕಾಯಾಮಾದಲ್ಲಿ ತೋಶಿಮೊರಿ ಅನ್ನೋ ಸಾಕೆ ಮನೆತನದವರು ಅಕ್ಕಪಕ್ಕದ ರೈತರ ಮನೆಗೆ ಹೋಗಿ ಒಮಾಚಿ ಬೆಳೀರಿ, ನಾವು ಕೊಳ್ತೀವಿ ಅಂತ ಒಪ್ಪಿಸಿದರು. ನೀಗಾತಾದಲ್ಲಿ ಕುಸುಮಿ ಅನ್ನೋ ಸಣ್ಣ ಸಾಕೆ ಮನೆಯ ಹಿರಿಯ ತೋಜಿ, ತನ್ನ ಹರೆಯದಲ್ಲಿ ಕಾಮೆನೊಒ ಅಕ್ಕಿಯಿಂದ ಮಾಡಿದ ಸಾಕೆಯ ರುಚಿ ಆಮೇಲೆ ಸಿಗಲೇ ಇಲ್ಲ ಅಂತ ಹೇಳ್ತಿದ್ದರು. 1980ರಲ್ಲಿ ಆ ಮನೆಯವರು ಕೃಷಿ ಕೇಂದ್ರದಲ್ಲಿ ವಿಚಾರಿಸಿ ಬೀಜ ತಂದರು. ಎಷ್ಟು? 1500 ಕಾಳು. ಒಂದು ಬೊಗಸೆಯೂ ಆಗೋದಿಲ್ಲ. ಅದನ್ನ ಬಿತ್ತಿ, ಬೆಳೆಸಿ, ಮತ್ತೆ ಬಿತ್ತಿ, 1983ಕ್ಕೆ ಸಾಕೆ ಹೊರಗೆ ಬಂತು. ಒಜೆ ಅಕಿರಾ ಅನ್ನೋರು ಇದನ್ನ ಆಧಾರ ಮಾಡ್ಕೊಂಡು 1988ರಿಂದ "ನಾತ್ಸುಕೊ ನೊ ಸಾಕೆ" ಅನ್ನೋ ಚಿತ್ರಕಥೆ ಬರೆದರು. 1994ರಲ್ಲಿ ಅದು ಟಿವಿ ಧಾರಾವಾಹಿಯೂ ಆಯ್ತು. ಪಟ್ಟಣದ ಜನ ತಳಿಯ ಹೆಸರು ಕೇಳಿ ಸಾಕೆ ಕೊಳ್ಳೋಕೆ ಶುರು ಮಾಡಿದರು. ಶಿನ್‌ರಿಕಿಯೂ ಹಿಂದೆ ಬಂತು. ಈಗ ಸೀಸೆ ಮೇಲೆ ಸಾಕೆ ಮನೆಯ ಹೆಸರಿನ ಜೊತೆ ತಳಿಯ ಹೆಸರು, ಬೆಳೆದ ಸೀಮೆಯ ಹೆಸರು ಇರ್ತದೆ. 2024ರಲ್ಲಿ ಕೋಜಿ ಬೂಷ್ಟಿನಿಂದ ಸಾಕೆ ಮಾಡೋ ವಿದ್ಯೆಯನ್ನ ಯುನೆಸ್ಕೊ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು.

ಈಗ ನಮ್ಮ ಗದ್ದೆಗೆ ಬರ್ತೀನಿ. 1895ರಿಂದ 1945ರ ತನಕ ತೈವಾನ್ ದ್ವೀಪ ಜಪಾನಿನ ಆಳ್ವಿಕೆಯಲ್ಲಿತ್ತು. ಅಲ್ಲಿನ ಬಿಸಿಲಿಗೆ ಹೊಂದೋ ಜಪಾನಿ ನೆಲ್ಲು ಬೇಕು ಅಂತ ವಿಜ್ಞಾನಿಗಳು 1920ರ ದಶಕದಲ್ಲಿ ಎರಡು ತಳಿ ಸೇರಿಸಿದರು. ಒಂದು ಕಾಮೆಜಿ. ಇದು ಶಿಮಾನೆ ಪ್ರಾಂತದ ರೈತ ಹಿರೊತಾ ಕಾಮೆಜಿ ಆರಿಸಿದ್ದು, ಮೇಲೆ ಹೇಳಿದ ಅಬೆ ಕಾಮೆಜಿ ಬೇರೆ, ಇವನು ಬೇರೆ. ಇನ್ನೊಂದು ನಮ್ಮ ಮಾರುಒ ಜುಜಿರೊ ಕಂಡ ಮೂರು ತೆನೆಯ ಶಿನ್‌ರಿಕಿ. ಹುಟ್ಟಿದ ತಳಿಗೆ ತೈಚುಂಗ್ 65 ಅಂತ ಹೆಸರು. 1950ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಯೋಜನೆಯಲ್ಲಿ, ಒಡಿಶಾದ ಕಟಕ್‌ನ ಭತ್ತ ಸಂಶೋಧನಾ ಕೇಂದ್ರದಲ್ಲಿ ಜಪಾನಿ ಜಾತಿಯನ್ನೂ ನಮ್ಮ ಕಡೆಯ ಇಂಡಿಕಾ ಜಾತಿಯನ್ನೂ ಸಂಕರ ಮಾಡೋ ದೊಡ್ಡ ಕೆಲಸ ನಡೀತು. ತೈಚುಂಗ್ 65ನ್ನ ಮಲಯಾದ ಮಯಾಂಗ್ ಎಬೊಸ್ 80 ಅನ್ನೋ ತಳಿ ಜೊತೆ ಸೇರಿಸಿದರು. ಆ ಬೀಜ ಮಲಯಾಕ್ಕೆ ಹೋಗಿ, ಅಲ್ಲಿ ಆಯ್ಕೆಯಾಗಿ, 1965ರಲ್ಲಿ ಮಹ್ಸೂರಿ ಅಂತ ಬಿಡುಗಡೆಯಾಯ್ತು. ಲಂಕಾವಿ ದ್ವೀಪದ ಐತಿಹ್ಯದ ಒಬ್ಬ ಹೆಣ್ಣಿನ ಹೆಸರೂ ಅದೇ. ನಮ್ಮ ದೇಶಕ್ಕೆ ಮರಳಿ ಬಂದಾಗ ಸರ್ಕಾರಿ ಶಿಫಾರಸಿಗಿಂತ ಮುಂಚೆ ಆಂಧ್ರದಲ್ಲಿ ರೈತರ ಕೈಯಿಂದ ರೈತರ ಕೈಗೆ ಹಬ್ಬಿತು ಅಂತ ತಳಿಗಳ ಬಗ್ಗೆ ಬರೆದವರು ಹೇಳ್ತಾರೆ. ನಮ್ಮ ಬಾಯಲ್ಲಿ ಅದು ಮಸೂರಿ ಆಯ್ತು. ಸೋನಾ ತಳಿ ಜೊತೆ ಸೇರಿ ಸೋನಾ ಮಸೂರಿ ಬಂತು. ಬಾಪಟ್ಲ ಕೇಂದ್ರದಿಂದ 1986ರಲ್ಲಿ ಬಂದ ಬಿಪಿಟಿ 5204, ಅಂದ್ರೆ ಸಾಂಬಾ ಮಸೂರಿಯಲ್ಲೂ ಮಹ್ಸೂರಿಯ ರಕ್ತ ಇದೆ.

ತುಂಗಭದ್ರಾ ಕಾಲುವೆ ಕೆಳಗೆ ನಾವು ಇಷ್ಟು ವರ್ಷ ಬೆಳೆದು, ಮಕ್ಕಳನ್ನ ಓದಿಸಿ, ಮನೆ ಕಟ್ಟಿದ ನೆಲ್ಲಿನೊಳಗೆ ಜಪಾನಿನ ಒಬ್ಬ ರೈತ 1877ರಲ್ಲಿ ಕಿತ್ತಿಟ್ಟ ಮೂರು ತೆನೆಯ ಪಾಲು ಇದೆ. ಅವನ ಊರಿನವರು ಅವನ ಹೆಸರು ನೆನಪಿಟ್ಟಿದ್ದಾರೆ. ಅದೇ ಮಸೂರಿಯನ್ನ ಆಂಧ್ರದಲ್ಲಿ ಮೊದಲು ಬಿತ್ತಿ ಪಕ್ಕದವನಿಗೆ ಒಂದು ಸೇರು ಬೀಜ ಕೊಟ್ಟ ರೈತನ ಹೆಸರು ಎಲ್ಲೂ ಇಲ್ಲ.

ನಾವೂ ಪ್ರತಿ ಬೆಳೆಯಲ್ಲಿ ಬೆರಕೆ ಕೀಳೋಕೆ ಗದ್ದೆಗೆ ಇಳೀತೀವಿ. ಎತ್ತರ ಕಂಡಿದ್ದು, ಮೀಸೆ ಇದ್ದದ್ದು, ಮುಂಚೆ ತೆನೆ ಬಿಟ್ಟಿದ್ದು ಎಲ್ಲ ಕಿತ್ತು ಬದುವಿಗೆ ಎಸೀತೀವಿ. ಬೀಜದ ಪ್ಲಾಟಿನಲ್ಲಿ ಹಂಗೆ ಮಾಡಲೇಬೇಕು. ಆದರೆ ಬೆಂಕಿ ರೋಗ ಬಂದು ಸುತ್ತಲೆಲ್ಲ ಒಣಗಿದಾಗ ಒಂದು ಬುಡ ಹಸಿರಾಗಿ ನಿಂತಿದ್ದರೆ, ಆ ಬುಡವನ್ನ ಎಸೆಯೋ ಮುಂಚೆ ಒಂದು ಕಾಗದದ ಚೀಲಕ್ಕೆ ಹಾಕಿ ದಿನಾಂಕ ಬರೆದಿಡಬಹುದು. ಹತ್ತರಲ್ಲಿ ಒಂಬತ್ತು ಸುಮ್ನೆ ಹೋಗ್ತವೆ. ಅಬೆ ಕಾಮೆಜಿಯೂ ಹಲವು ವರ್ಷ ಬಿತ್ತಿ ನೋಡಿದ ಮೇಲೇ ಹೆಸರಿಟ್ಟಿದ್ದು.

ಬೀಜ ಒಂದೇ ಸಾಲೋದಿಲ್ಲ ಅನ್ನೋದನ್ನೂ ಒಮಾಚಿ ಹೇಳ್ತದೆ. ಒಳ್ಳೆ ಬೀಜ ಇದ್ದೂ ಅದು ಹತ್ತು ಹೆಕ್ಟೇರಿಗಿಂತ ಕೆಳಗೆ ಇಳಿಯಿತು. ಉಳಿದಿದ್ದು ಒಬ್ಬ ಕೊಳ್ಳೋನು ಹಳ್ಳಿಗೆ ಬಂದು ಮಾತು ಕೊಟ್ಟಿದ್ದಕ್ಕೆ. ನಮ್ಮಲ್ಲಿ ಚೀಲದ ಮೇಲೆ ಮಿಲ್ಲಿನ ಹೆಸರು ಇರ್ತದೆ, ದೇವರ ಚಿತ್ರ ಇರ್ತದೆ, ಊರಿನ ಹೆಸರು ಇರೋದಿಲ್ಲ. ಹತ್ತು ಮನೆ ಸೇರಿ ಒಂದೇ ತಳಿ ಬೆಳೆದು, ಒಬ್ಬ ಮಿಲ್ಲಿನವರ ಜೊತೆ ಮೂರು ವರ್ಷದ ಮಾತು ಮಾಡ್ಕೊಂಡು, ಚೀಲದ ಮೇಲೆ ನಮ್ಮ ಊರಿನ ಹೆಸರು ಹಾಕಿಸೋಕೆ ಆಗೋದಿಲ್ವಾ? ಮುಂದಿನ ಬೆಳೆಗೆ ನಾನು ಒಂದು ಎಕರೆ ಇದಕ್ಕೆ ಬಿಡೋಕೆ ತಯಾರಿದ್ದೀನಿ. ಜೊತೆ ಬರೋರು ಇದ್ರೆ ಹೇಳ್ರಿ.

ಇನ್ನೊಂದು ಕೆಲಸ ಎಲ್ಲರೂ ಮಾಡಬಹುದು. ಮನೆಯಲ್ಲಿ ಹಿರಿಯರಿದ್ರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳ್ರಿ: ಮಸೂರಿ ಬರೋಕೆ ಮುಂಚೆ ನಮ್ಮ ಗದ್ದೆಯಲ್ಲಿ ಯಾವ ನೆಲ್ಲು ಇತ್ತು, ಅದರ ಅನ್ನ ಹೆಂಗಿತ್ತು, ಹಬ್ಬಕ್ಕೆ ಯಾವ ಅಕ್ಕಿ ಇಡ್ತಿದ್ರು ಅಂತ. ಅವರು ಹೇಳಿದ ಹೆಸರುಗಳನ್ನ ಕೆಳಗೆ ಬರೀರಿ. ನಾನು ಒಂದು ಪಟ್ಟಿ ಮಾಡಿ ಇಡ್ತೀನಿ.